ಐಚ್ಛಿಕ ಪ್ರಶ್ನೆ

ಡುಲೂತ್‌ನಲ್ಲಿ ಜನವರಿಯೆಂದರೆ ಅರ್ಜಿಗಳ ಸುಗ್ಗಿ.
ಒಂದಕ್ಕೆ ಹನ್ನೆರಡು ನಿಮಿಷ,
ಅಷ್ಟರಲ್ಲಿ ಹದಿನೇಳು ವರ್ಷ ಓದಿ ಮುಗಿಸಬೇಕು.
ಕಿಟಕಿಯಾಚೆ ಸರೋವರ ಹೆಪ್ಪುಗಟ್ಟುತ್ತ
ಆಗಾಗ ಒಳಗಿಂದ ಗುಡುಗುತ್ತದೆ,
ಬಾಗಿಲು ಹಾಕಿಕೊಂಡು ಜಗಳವಾಡುವ ಮನೆಯ ಹಾಗೆ.

ಜನಾಂಗದ ಕಾಲಂ ಈಗ ನಮಗೆ ಕಾಣುವುದಿಲ್ಲ,
ತೀರ್ಪು ಬಂದ ಮೇಲೆ ಪರದೆಯಿಂದ ಒರೆಸಿದ್ದಾರೆ.
ಹೆಸರನ್ನು ಒರೆಸಲಾಗಿಲ್ಲ: ಪಾನ್ಯಾ ಲೋರ್.
ಸೇಂಟ್ ಪಾಲ್‌ನ ಹ್ಮಾಂಗ್ ಹುಡುಗಿ. ಶನಿವಾರದ ಸಂತೆಯಲ್ಲಿ
ಅಜ್ಜಿಯ ಜೊತೆ ಸಾಸಿವೆ ಸೊಪ್ಪು ಮಾರುತ್ತಾಳೆ.
ಕಂತೆ ಕಟ್ಟುವ ರಬ್ಬರ್ ಬ್ಯಾಂಡು
ಮಣಿಕಟ್ಟಿನಲ್ಲಿ ಬಿಟ್ಟ ಗೆರೆಯ ಬಗ್ಗೆ ಆರುನೂರು ಪದ.
ಅಜ್ಜಿಗೆ ಬಂದ ಕಾಗದವನ್ನೆಲ್ಲ
ಓದಿ ಹೇಳುವವಳೂ ಅವಳೇ: ಬಾಡಿಗೆ, ಔಷಧಿ, ಬಸ್ ಪಾಸು.
ಪಕ್ಕದ ಅಂಗಡಿಯಲ್ಲಿ ಜೇನು ಮಾರುವ ಒಬ್ಬಳು
ಒಂದೇ ವಾಕ್ಯದಲ್ಲಿ ಬಂದು ಹೋಗುತ್ತಾಳೆ.
ಆ ವಾಕ್ಯಕ್ಕೆ ಕ್ರಿಯಾಪದವಿಲ್ಲ.

ನಿಮ್ಮ ಲೈಂಗಿಕ ಒಲವು? ಇದು ಐಚ್ಛಿಕ ಪ್ರಶ್ನೆ.
ಖಾಲಿ ಬಿಟ್ಟಿದ್ದಾಳೆ.

ಶಾಲೆಯ ಕೌನ್ಸೆಲರ್ ಮಾತ್ರ ತುಂಬಿಸಿ ಕಳಿಸಿದ್ದಾನೆ:
ನನ್ನೆದುರು ಧೈರ್ಯವಾಗಿ ಹೇಳಿಕೊಂಡಿದ್ದಾಳೆ,
ಮನೆಯಲ್ಲಿ ತಿಳಿದಿಲ್ಲ,
ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತೆ,
ದಯವಿಟ್ಟು ಗಮನಿಸಿ.
ಒಳ್ಳೆಯ ಮನುಷ್ಯ. ಇಂಥ ಒಳ್ಳೆಯವರ ಕೈಗೆ
ಗುಟ್ಟು ಕೊಡಬಾರದು.

ಮಧ್ಯಾಹ್ನದ ಸಭೆಯಲ್ಲಿ ಡ್ವೈಟ್ ಸೂಪು ಕಲಕುತ್ತ ಕೇಳಿದ:
"ಲೆಕ್ಕಕ್ಕೆ ಹಿಡಿಯುವುದಾದರೆ ಪುರಾವೆ ಏನು?
ನಾಳೆ ಎಲ್ಲರೂ ಟಿಕ್ ಹಾಕಿದರೆ?"
"ನೋವಿಗೂ ರಸೀದಿ ಕೇಳ್ತೀಯಾ?" ಅಂದಳು ಮಾರ್ಗೋ.
ಆಮೇಲೆ ಇಬ್ಬರೂ ನನ್ನತ್ತ ತಿರುಗಿದರು,
ಮೀಸಲಾತಿಯ ದೇಶದಿಂದ ಬಂದವಳು,
ಇವಳಿಗೆ ಗೊತ್ತಿರಬೇಕು ಅಂತ.

ಗೊತ್ತು.
ದಾವಣಗೆರೆ ತಾಲೂಕು ಕಚೇರಿ, ಮೂರನೆಯ ಕಿಟಕಿ,
ಅಪ್ಪನ ಜೊತೆ ನಾಲ್ಕು ದಿನ ಸಾಲು.
ಜಾತಿಗೊಂದು, ಆದಾಯಕ್ಕೊಂದು ಪ್ರಮಾಣಪತ್ರ.
ಗುಮಾಸ್ತ ನಮ್ಮ ಕುಲಕಸುಬನ್ನು ಗಟ್ಟಿಯಾಗಿ ಓದಿದ,
ಹಿಂದೆ ನಿಂತವರು ಅರ್ಧ ಹೆಜ್ಜೆ ಸರಿದರು.
ಅಪ್ಪ ಆ ದುಂಡು ಮೊಹರನ್ನು ಒಣಗುವ ತನಕ ಊದಿ,
ಮಡಿಸಿ ಜೇಬಿಗಿಟ್ಟುಕೊಂಡು
"ನಾಚಬೇಡ, ಇದು ನಮಗೆ ಬರಬೇಕಾದ ಬಾಕಿ" ಅಂದ.
ಆ ಕಾಗದದ ಮೇಲೆಯೇ ನಾನು ಓದಿದ್ದು.
ಹೇಳಿಕೊಳ್ಳಲು ಈಗ ಸಂಕೋಚವಿಲ್ಲ.

ಆದರೆ ಆ ಸಾಲಿನಲ್ಲಿ ಅಪ್ಪ ಪಕ್ಕದಲ್ಲಿದ್ದ.
ಇದು ಅಪ್ಪನಿಂದ ಬಂದ ಕುಲವಲ್ಲ,
ಇಡೀ ಮನೆಯಲ್ಲಿ ಒಬ್ಬಳಿಗೇ ಬಂದದ್ದು.
ಇದಕ್ಕೆ ಯಾವ ತಹಶೀಲ್ದಾರ ಸಹಿ ಹಾಕುತ್ತಾನೆ,
ಯಾರು ಊದಿ ಒಣಗಿಸುತ್ತಾರೆ?

ಡ್ವೈಟ್‌ಗೆ ಇದೇನೂ ಹೇಳಲಿಲ್ಲ.
"ಆ ವಿದ್ಯಾರ್ಥಿವೇತನದ ಪತ್ರ ಮನೆಗೆ ಹೋಗುತ್ತಲ್ಲ,
ತಲೆಬರಹದಲ್ಲೇ ಕಾಮನಬಿಲ್ಲಿದೆ" ಅಂದೆ.
"ಒಳ್ಳೆ ಸುದ್ದಿ ತಾನೇ" ಅಂದ.
ಓದಿ ಹೇಳುವವಳು ಅವಳೇ.
ಮೊದಲ ಸಲ ಅಜ್ಜಿಗೆ ತಪ್ಪು ಅನುವಾದ ಮಾಡಬೇಕಾಗುತ್ತದೆ.

ಸಂಜೆ ಷರಾ ಬರೆದೆ,
ಸೊಪ್ಪಿನ ಬಗ್ಗೆ, ರಬ್ಬರ್ ಬ್ಯಾಂಡಿನ ಬಗ್ಗೆ.
ಸೇರಿಸಿಕೊಳ್ಳಿ. ಹಣ ಬೇರೆ ನಿಧಿಯಿಂದ ಕೊಡಿ.
ಖಾಲಿ ಬಿಟ್ಟದ್ದನ್ನು ಖಾಲಿಯೆಂದೇ ಓದಿದ್ದೇನೆ.
ಸರಿಯೋ, ಅಥವಾ ಅವಳ ಬಾಕಿಯನ್ನು
ನಾನೇ ಹೊಡೆದುಹಾಕಿದೆನೋ, ತಿಳಿಯದು.

ದಾರಿಯಲ್ಲಿ ಕ್ಲಿನಿಕ್ಕು. ಇಂಗ್ರಿಡ್ ಮಂಜಿನಲ್ಲಿ ಜಾರಿ
ಮೊಣಕಾಲು ಉಳುಕಿಸಿಕೊಂಡು ಕೂತಿದ್ದಳು.
ಹತ್ತೊಂಬತ್ತು ವರ್ಷ ಒಂದೇ ಸೂರು.
ದಾವಣಗೆರೆಗೆ ಫೋನಿನಲ್ಲಿ ಅಕ್ಕನಿಗೆ 'ಗೆಳತಿ' ಅಂದಿದ್ದೇನೆ.
ಕನ್ನಡದಲ್ಲಿ ಆ ಪದ ಎಷ್ಟು ಅಗಲ,
ಎರಡೂ ಅದರೊಳಗೆ ಹಿಡಿಸುತ್ತವೆ, ಯಾರೂ ಮುಂದೆ ಕೇಳುವುದಿಲ್ಲ.
ಇಲ್ಲಿ ಫಾರ್ಮು ಕೇಳುತ್ತದೆ,
ರೋಗಿಗೆ ನೀವು ಏನಾಗಬೇಕು?

ಪೆನ್ನಿನ ಮಸಿ ಚಳಿಗೆ ಕಟ್ಟಿಕೊಂಡಿತ್ತು.
ಬಾಯಿಯ ಹತ್ತಿರ ಹಿಡಿದು
ಊದಿದೆ.